ಹದಿನೈದನೇ ಹೆಸರು

ಇಸ್ತ್ರಿ ಪೆಟ್ಟಿಗೆಯ ಗುಂಡಿಯನ್ನು ರೇಷ್ಮೆಗೆ ತಿರುಗಿಸಬೇಕು, ಹತ್ತಿಗಲ್ಲ. ಹತ್ತಿಯ ಕಾವಿಗೆ ಅಂಟು ಕರಗಿ ಟೇಪು ಮುದುಡಿಕೊಳ್ಳುತ್ತದೆ. ಮೇಲೊಂದು ಒದ್ದೆ ಬಟ್ಟೆ ಹಾಸಿ, ಒತ್ತಿ, ಒಂದು ಎರಡು ಮೂರು ಎಂದು ಎಣಿಸಿ ಎತ್ತಿದರೆ ಟೇಪಿನ ಮೇಲಿನ ಮಾಸಲು ಗೆರೆಗಳು ಕಪ್ಪಗೆ ಮೂಡಿರುತ್ತವೆ. ಈ ಹದವನ್ನು ಗಾದಿಲಿಂಗನಿಗೆ ಯಾವ ಪುಸ್ತಕವೂ ಹೇಳಿಕೊಟ್ಟಿರಲಿಲ್ಲ. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಪುಸ್ತಕ ಏನು ಹೇಳೀತು? ತಾನೇ ಕಂಡುಹಿಡಿದದ್ದು. ಅದಕ್ಕೇ ಆ ಭಾನುವಾರ ಮಧ್ಯಾಹ್ನ ಅವನ ಮುಖದಲ್ಲಿ ಒಂದು ಜಂಬ ಇತ್ತು.

"ಊರವರ ಬಟ್ಟಿ ಕಾಯಾಕತ್ಯಾವ. ನೀನು ಅದ್ಯಾವ ಹಾಳು ಪಟ್ಟಿ ಇಸ್ತ್ರಿ ಮಾಡ್ಕೊಂತ ಕುಂತಿಯೋ?" ಅಕ್ಕ ಹುಲಿಗೆಮ್ಮ ಬಾಗಿಲಲ್ಲಿ ಬಟ್ಟೆಯ ಗಂಟು ಇಳಿಸುತ್ತ ಕೇಳಿದಳು. ಬಳ್ಳಾರಿಯ ಕೌಲ್‌ಬಜಾರಿನ ಆ ಓಣಿಯಲ್ಲಿ ಇಸ್ತ್ರಿ ಎಂದರೆ ಹುಲಿಗೆಮ್ಮನದೇ. ಗಂಡ ತೋರಣಗಲ್ಲಿನಲ್ಲಿ ಶಿಫ್ಟಿನ ಕೆಲಸಕ್ಕೆ ಹೋದರೆ ವಾರಕ್ಕೊಮ್ಮೆ ಮುಖ ತೋರಿಸುತ್ತಿದ್ದ.

"ಇದು ವಿಜ್ಞಾನ, ಅಕ್ಕಾ. ನಿನಗ ತಿಳಿಯಂಗಿಲ್ಲ."

"ನಿನಗ ಭಾರಿ ತಿಳಿದೈತಿ."

ಇಸ್ತ್ರಿಯಾದ ಟೇಪುಗಳನ್ನು ಪ್ಲಾಸ್ಟಿಕ್ ಹಾಳೆಯ ಮೇಲೆ ಸಾಲಾಗಿ ಅಂಟಿಸಿ, ಮಡಚಿ, ಅವನು ಅಂಗಿಯ ಜೇಬಿಗೆ ಇಳಿಸಿದ. ಬರುವಾಗಲೂ ಅದೇ ಜೇಬಿನಲ್ಲಿ ತಂದಿದ್ದ. ಅಷ್ಟರಲ್ಲಿ ಮೂರು ವರ್ಷದ ಸುಂಕಮ್ಮ ಎಲ್ಲಿಂದಲೋ ಓಡಿಬಂದು ತೊಡೆ ಹತ್ತಿದಳು. ಅವಳಿಗೆ ಮಾಮ ಎಂದರೆ ಜೇಬು, ಜೇಬು ಎಂದರೆ ಶೇಂಗಾ ಚಿಕ್ಕಿ. ಕೈ ಬುಡದವರೆಗೂ ಇಳಿಸಿ, ಮೂಲೆ ತಡಕಿ, ಪುಡಿಯಾಗಿದ್ದ ಚಿಕ್ಕಿಯನ್ನೂ ಬಿಡದೆ ಬೆರಳು ಚೀಪಿದಳು.

"ಮಾಮ, ಇನ್ನ?"

"ಇನ್ನ ನಾಳಿಗೆ."

ಇದಿಷ್ಟೇ ಆದದ್ದು. ಮೂರು ಎಣಿಸುವಷ್ಟು ಹೊತ್ತಿನ ಕೆಲಸ, ಒಂದು ತುಂಡು ಚಿಕ್ಕಿ.

*

ಆ ವರ್ಷಗಳಲ್ಲಿ ಕಾನೂನು ಬದಲಾಗಿತ್ತು. ಒಂದು ಊರಿನಲ್ಲಿ ಪಾಠಕ್ಕೆಂದು ಬೆಳೆಸಿದ ಕ್ರಿಮಿ ಹೊರಗೆ ಬಿದ್ದು, ಯಾರದು ಯಾರದು ಎಂದು ಎಲ್ಲರೂ ಎಲ್ಲರ ಮೇಲೆ ಹಾಕಿ, ಕೊನೆಗೆ ಯಾರದೂ ಅಲ್ಲ ಎಂದು ತೀರ್ಮಾನವಾದ ಮೇಲೆ ಸರ್ಕಾರ ಒಂದು ಉಪಾಯ ಮಾಡಿತು. ದನಕ್ಕೆ ಬರೆ ಹಾಕುವುದಿಲ್ಲವೇ, ತಪ್ಪಿಸಿಕೊಂಡರೆ ಯಾರ ಮನೆಯದೆಂದು ಗೊತ್ತಾಗಲಿ ಅಂತ? ಹಾಗೆ ಕಾಲೇಜು, ವಿಶ್ವವಿದ್ಯಾಲಯಗಳ ಪ್ರತಿ ಕ್ರಿಮಿಗೂ ಒಂದು ಬರೆ. ಕ್ರಿಮಿಯ ವಂಶದ ದಾರದಲ್ಲೇ ನಾಲ್ಕು ಅಕ್ಷರ ಹೆಚ್ಚು ಹೊಲಿದುಬಿಟ್ಟರು. ಬರಿಗಣ್ಣಿಗೆ ಏನೂ ಇಲ್ಲ. ಆದರೆ ನೇರಳೆ ಬೆಳಕಿನ ಒಂದು ಕೈದೀಪ ಹಿಡಿದರೆ ಅದು ಬಿದ್ದ ಜಾಗ ಹಸಿರಾಗಿ ಮಿನುಗುತ್ತದೆ, ದೀಪದ ಬೆನ್ನಿನ ಚಿಕ್ಕ ಪರದೆಯಲ್ಲಿ ಅದು ಯಾವ ವಿಭಾಗದ್ದು, ಯಾವ ಮೇಜಿನದು, ಯಾವ ತಾರೀಖಿನದು ಎಂಬುದು ಬರುತ್ತದೆ. ಲ್ಯಾಬಿನವರು ಅದಕ್ಕೆ ಬರೆದೀಪ ಎನ್ನುತ್ತಿದ್ದರು.

ಗಾದಿಲಿಂಗ ಗಾಜು ತೊಳೆಯುತ್ತಿದ್ದ ವಿಶ್ವವಿದ್ಯಾಲಯದ ಸೂಕ್ಷ್ಮಜೀವಿ ವಿಭಾಗದಲ್ಲಿದ್ದದ್ದು ಬೀಜ ಕಟ್ಟುವ ಜಾತಿಯ ಕ್ರಿಮಿ. ಒಣಗಿದರೆ ಸಾಯುವುದಿಲ್ಲ, ಎಳ್ಳಿನ ಹಾಗೆ ಗಟ್ಟಿ ಸಿಪ್ಪೆ ಹೊದ್ದು ಮಲಗುತ್ತದೆ. ಹಸಿ ಸಿಕ್ಕಿದ ದಿನ ಏಳುತ್ತದೆ. ಅದನ್ನು ಪೂರ್ತಿ ಕೊಲ್ಲುವುದು ಒಂದೇ, ಹಬೆಯ ಯಂತ್ರ. ಎಲ್ಲರೂ ಅದಕ್ಕೆ ಕುಕ್ಕರ್ ಎನ್ನುತ್ತಿದ್ದರು. ಪಾಠ ಮುಗಿದ ಮೇಲೆ ಕಸವನ್ನೆಲ್ಲ ಹಳದಿ ಚೀಲಕ್ಕೆ ತುಂಬಿ, ಬಾಯಿಗೆ ಗೆರೆ ಟೇಪು ಅಂಟಿಸಿ, ಕುಕ್ಕರಿನಲ್ಲಿ ಇಪ್ಪತ್ತು ನಿಮಿಷ ಬೇಯಿಸಬೇಕು. ಗೆರೆ ಕಪ್ಪಾದರೆ ಬೆಂದಿದೆ ಎಂದರ್ಥ. ಆ ಟೇಪನ್ನು ಬಿಡಿಸಿ, ತಾರೀಖು ಹಾಕಿ, ದಾಖಲೆ ಪುಸ್ತಕಕ್ಕೆ ಅಂಟಿಸಬೇಕು.

ಕುಕ್ಕರಿನ ಬಾಗಿಲಿನ ರಬ್ಬರ್ ರಿಂಗು ಹರಿದು ಐದು ತಿಂಗಳಾಗಿತ್ತು.

ವಿಭಾಗದ ಮುಖ್ಯಸ್ಥ ಡಾ. ಪಂಪಾಪತಿ ಕೆಟ್ಟ ಮನುಷ್ಯನೇನಲ್ಲ. ರಿಂಗಿಗಾಗಿ ಏಳು ಪತ್ರ ಬರೆದಿದ್ದರು. ಖರೀದಿ ವಿಭಾಗದವರು ಪ್ರತಿ ಸಲವೂ ಒಂದೇ ಉತ್ತರ ಕೊಟ್ಟಿದ್ದರು: ನಿಮ್ಮ ಲ್ಯಾಬಿಗೆ ಜೈವಿಕ ಸುರಕ್ಷತೆಯ ಅನುಮತಿ ನವೀಕರಣವಾಗಿಲ್ಲ, ಅನುಮತಿ ಇಲ್ಲದ ಲ್ಯಾಬಿಗೆ ಸಾಮಾನು ಕೊಡಲಾಗದು. ಅನುಮತಿ ಸಮಿತಿಯವರ ಉತ್ತರ ಇನ್ನೊಂದು: ಕುಕ್ಕರ್ ಕೆಲಸ ಮಾಡದ ಲ್ಯಾಬಿಗೆ ಅನುಮತಿ ಇಲ್ಲ. ಓದಿ ದೊಡ್ಡವರಾದವರೇ ಇದನ್ನು ಬರೆದದ್ದು. ಇದಕ್ಕಿಂತ ಬುದ್ಧಿ ಹುಲಿಗೆಮ್ಮನ ಕತ್ತೆಗಿತ್ತು, ಅದು ಸತ್ತು ನಾಲ್ಕು ವರ್ಷ.

ಆದರೂ ಪಾಠ ನಿಲ್ಲುವಂತಿರಲಿಲ್ಲ. ಗಾದಿಲಿಂಗ ಚೀಲಗಳಿಗೆ ಬ್ಲೀಚಿಂಗ್ ನೀರು ತುಂಬಿ ಎರಡು ದಿನ ನೆನೆಹಾಕಿ, ಟೇಪು ಬಿಡಿಸಿಟ್ಟು ಸಾಗಿಸುತ್ತಿದ್ದ. ಒಳಗಿನದು ಬಹುಮಟ್ಟಿಗೆ ಸಾಯುತ್ತಿತ್ತೇನೋ. ಚೀಲದ ಬಾಯಿಯ ಟೇಪು ಮಾತ್ರ ಹೊರಗೆ ಒಣಗಿಕೊಂಡೇ ಇರುತ್ತಿತ್ತು. ಅದನ್ನು ಅಂಟಿಸಿದವರು ಕ್ರಿಮಿ ಮುಟ್ಟಿದ ಒದ್ದೆ ಗ್ಲೌಸಿನ ಕೈಯ ವಿದ್ಯಾರ್ಥಿಗಳು. ಇದು ಯಾರ ತಲೆಗೂ ಹೋಗಲಿಲ್ಲ. ಓದಿದವರ ತಲೆಗೆ ಹೋಗಲಿಲ್ಲ, ಗಾದಿಲಿಂಗನ ತಲೆಗೂ ಹೋಗಲಿಲ್ಲ.

ಸಮಿತಿ ಬರುವ ತಾರೀಖು ಗೊತ್ತಾದಾಗ ಪುಸ್ತಕದಲ್ಲಿ ಐದು ತಿಂಗಳ ಹಾಳೆ ಖಾಲಿ ಇತ್ತು. ಪಂಪಾಪತಿ ತಲೆಯ ಮೇಲೆ ಕೈ ಹೊತ್ತು ಕುಳಿತಿದ್ದರು. ಗಾದಿಲಿಂಗ ಬಿಡಿಸಿಟ್ಟದ್ದರಲ್ಲಿ ಒಂದು ಟೇಪು ತೆಗೆದುಕೊಂಡು ಹೋಗಿ ಮಾರನೆಯ ದಿನ ಕಪ್ಪು ಮಾಡಿ ತಂದ. ಪಂಪಾಪತಿ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು.

"ಹೆಂಗೋ ಇದು?"

"ಅಕ್ಕನ ಇಸ್ತ್ರಿ ಪೆಟ್ಟಿಗಿ ಸಾರ್."

ಅವರು ಟೇಪನ್ನು ಮೆಲ್ಲಗೆ ಖಾಲಿ ಹಾಳೆಯ ಮೇಲಿಟ್ಟು ನೋಡಿದರು. ಆಮೇಲೆ ಅವನ ಹೆಗಲ ಮೇಲೆ ಕೈ ಇಟ್ಟರು. "ಒಮ್ಮೆ ಅನುಮತಿ ಬರ್ಲಿ, ಮಾರನೇ ದಿನ ರಿಂಗು ತರಸ್ತೀನಿ. ನೀನು ಓದಿದ್ರ ವಿಜ್ಞಾನಿ ಆಗ್ತಿದ್ದಿ ನೋಡು, ಗಾದಿ."

ಆ ಮಾತನ್ನು ಗಾದಿಲಿಂಗ ಮನೆಯವರೆಗೂ ಬಾಯಲ್ಲಿ ಚಪ್ಪರಿಸಿಕೊಂಡು ಹೋಗಿದ್ದ. ಆ ಭಾನುವಾರ ಇಸ್ತ್ರಿ ಮಾಡಿದ್ದು ಉಳಿದ ನೂರಾ ನಾಲ್ಕು ಟೇಪುಗಳನ್ನು.

*

ಸುಂಕಮ್ಮನಿಗೆ ಜ್ವರ ಬಂದದ್ದು ಗುರುವಾರ. ಮೊದಲು ಭೇದಿ, ಆಮೇಲೆ ಜ್ವರ, ಆಮೇಲೆ ಎಚ್ಚರವೇ ಇಲ್ಲದ ನಿದ್ದೆ. ಓಣಿಯ ಡಾಕ್ಟರು ಎರಡು ಬಾಟಲಿ ಔಷಧಿ ಬರೆದರು. ಐದನೇ ದಿನ ಸರ್ಕಾರಿ ಆಸ್ಪತ್ರೆಯ ಮಕ್ಕಳ ವಾರ್ಡಿಗೆ ಸೇರಿಸಿದರು. ಅಲ್ಲಿಯ ಡಾ. ಫರ್ಹಾನಾ ಬೇಗಂ ಮೂರು ಬಗೆಯ ಇಂಜೆಕ್ಷನ್ ಬದಲಿಸಿದರು. ಎಂಟನೇ ದಿನ ಬೆಳಿಗ್ಗೆ ಹುಲಿಗೆಮ್ಮನನ್ನೂ ಗಾದಿಲಿಂಗನನ್ನೂ ವಾರ್ಡಿನ ಹೊರಗೆ ಕರೆದು ನಿಲ್ಲಿಸಿಕೊಂಡರು.

"ನೋಡವ್ವ, ಇದು ನಮ್ಮ ಮಾಮೂಲಿ ಮದ್ದಿಗೆ ಬಗ್ಗಾಕತ್ತಿಲ್ಲ. ಇಂಥದಕ್ಕ ಒಂದು ಮದ್ದು ಐತಿ. ಆದ್ರ ಅದು ಬೀಗದಾಗ ಐತಿ."

"ಬೀಗದಾಗ ಅಂದ್ರ?" ಗಾದಿಲಿಂಗ ಕೇಳಿದ.

"ಕಂಡಕಂಡವರಿಗೆ ಕೊಟ್ಟು ಕೊಟ್ಟು ಉಳಿದ ಮದ್ದೆಲ್ಲ ಕೆಲಸಕ್ಕ ಬರದಂಗ ಆಗ್ಯಾವಲ್ಲ, ಇದೊಂದರೆ ಉಳೀಲಿ ಅಂತ ಸರ್ಕಾರ ಬೀಗ ಹಾಕೈತಿ. ಕಂಪ್ಯೂಟರಿನಾಗ ಹೆಸರು ಹೊಡದ್ರೇನೇ ಪೆಟ್ಟಿಗಿ ತೆಗೀತೈತಿ. ಲ್ಯಾಬಿನಾಗ ಕೆಲಸ ಮಾಡವರದು, ಅನುಮತಿ ಪತ್ರದ ಪಟ್ಟಿಯಾಗ ಹೆಸರು ಇದ್ದವರದು. ಬ್ಯಾರೆಯವರಿಗೆ ಬೆಂಗಳೂರಿಂದ ಒಪ್ಪಿಗಿ ಬರ್ಬೇಕು, ಹತ್ತು ದಿನ ಹಿಡೀತೈತಿ. ನಾ ಬರದೀನಿ."

ಹುಲಿಗೆಮ್ಮ ಡಾಕ್ಟರ ಮುಖವನ್ನೇ ನೋಡುತ್ತಿದ್ದಳು. "ಹತ್ತು ದಿನ ತಡೀತೈತೇನ್ರೀ ಕೂಸು?"

ಡಾ. ಫರ್ಹಾನಾ ಕೈಯಲ್ಲಿದ್ದ ಕೇಸ್ ಹಾಳೆಯನ್ನು ಮಡಚಿದರು. "ಆ ಮದ್ದೂ ಸುಮ್ಮನಿಲ್ಲ. ಕೆಲವರ ಕಿವಿ ಕೆಡಸತೈತಿ," ಎಂದಷ್ಟೇ ಹೇಳಿ ಒಳಗೆ ಹೋದರು.

ಲ್ಯಾಬಿನ ಪಟ್ಟಿ ಯಾವುದೆಂದು ಗಾದಿಲಿಂಗನಿಗೆ ಚೆನ್ನಾಗಿ ಗೊತ್ತಿತ್ತು. ಅನುಮತಿ ಅರ್ಜಿಯ ಕಲಂ ಹನ್ನೊಂದು: ಅಪಾಯಕ್ಕೆ ಒಡ್ಡಿಕೊಳ್ಳುವವರು. ಅದರಲ್ಲಿ ಹದಿನಾಲ್ಕು ಹೆಸರಿದ್ದವು. ನಾಲ್ವರು ಮೇಷ್ಟ್ರು, ಹತ್ತು ವಿದ್ಯಾರ್ಥಿಗಳು. ಆ ಹಾಳೆಯನ್ನು ಜೆರಾಕ್ಸ್ ಮಾಡಿಸಿ ತಂದವನು ಅವನೇ. ತನ್ನ ಹೆಸರು ಹುಡುಕಿ, ಸಿಗದೆ, ಕೇಳಿಯೂ ಇದ್ದ.

"ನೀನು ಏಜೆನ್ಸಿಯವ ಅಲ್ಲೇನೋ," ಪಂಪಾಪತಿ ಸಮಾಧಾನ ಹೇಳುವವರ ಹಾಗೆ ಹೇಳಿದ್ದರು. "ನಮ್ಮವರ ಹೆಸರು ಮಾತ್ರ ಬರೀಬೇಕಂತ ರೂಲ್ ಐತಿ."

ಚೀಲ ಹೊರುವವನು, ಗಾಜು ತೊಳೆಯುವವನು, ಚೆಲ್ಲಿದ್ದನ್ನು ಒರೆಸುವವನು ಅಪಾಯಕ್ಕೆ ಒಡ್ಡಿಕೊಂಡವನಲ್ಲ. ದೂರದಿಂದ ನಿಂತು ಪಾಠ ಹೇಳಿದವರು ಒಡ್ಡಿಕೊಂಡವರು.

*

ಒಂಬತ್ತನೇ ದಿನ ಸಮಿತಿ ಬಂತು. ಐದು ಜನ. ಅಧ್ಯಕ್ಷ ಡಾ. ಕೇಶವಮೂರ್ತಿ ಮೈಸೂರಿನವರು, ಬಿಳಿಯ ತೆಳು ಕೂದಲು, ಮೆಲುದನಿ. ವಿಭಾಗದ ತುಂಬ ಫಿನಾಯಿಲ್ ವಾಸನೆ, ಬಾಗಿಲಿಗೆ ಸೇವಂತಿಗೆ ಮಾಲೆ. ಗಾದಿಲಿಂಗ ರಾತ್ರಿಯಿಡೀ ಆಸ್ಪತ್ರೆಯಲ್ಲಿದ್ದು ನೇರ ಕೆಲಸಕ್ಕೆ ಬಂದಿದ್ದ. ರಜೆ ಕೇಳಿದರೆ, "ಇವತ್ತೊಂದಿನ ಗಾದಿ, ಕೈ ಮುಗೀತೀನಿ," ಎಂದಿದ್ದರು ಪಂಪಾಪತಿ.

ಕಿಟಕಿಗಳಿಗೆ ಕಪ್ಪು ಬಟ್ಟೆ ಕಟ್ಟಿ, ಬರೆದೀಪವನ್ನು ಗಾದಿಲಿಂಗನ ಕೈಗೆ ಕೊಟ್ಟರು. ಅಧ್ಯಕ್ಷರು ತೋರಿಸಿದ ಕಡೆ ಅವನು ಬೆಳಕು ಬಿಡಬೇಕು. ಮೇಜು, ತೊಟ್ಟಿ, ನೆಲ, ಬಾಗಿಲ ಹಿಡಿಕೆ. ಎಲ್ಲೂ ಮಿಣುಕು ಹಸಿರಿಲ್ಲ. ಮೇಷ್ಟ್ರುಗಳು ಒಬ್ಬೊಬ್ಬರಾಗಿ ಅಂಗೈ ಚಾಚಿದರು, ವಿದ್ಯಾರ್ಥಿಗಳು ಚಾಚಿದರು. ಸ್ವಚ್ಛ. ದೀಪ ಹಿಡಿದವನ ಕೈ ನೋಡಬೇಕೆಂದು ಯಾರಿಗೂ ಅನ್ನಿಸಲಿಲ್ಲ. ದೀಪದ ಬುಡದಲ್ಲಿ ಕತ್ತಲು ಎಂಬ ಗಾದೆಯನ್ನು ಅವರೆಲ್ಲರೂ ಪ್ರಬಂಧದಲ್ಲಿ ಬರೆದೇ ಮೇಲೆ ಬಂದವರು.

ಆಮೇಲೆ ಬೆಳಕಿನಲ್ಲಿ ಕುಳಿತು ಅಧ್ಯಕ್ಷರು ದಾಖಲೆ ಪುಸ್ತಕ ತೆರೆದರು. ಒಂದೊಂದು ಹಾಳೆಗೂ ನಾಲಗೆಗೆ ಬೆರಳು ತಾಗಿಸುವುದು, ಮಗುಚುವುದು. ಅಂಟಿಸಿದ ಟೇಪುಗಳ ಮೇಲೆ ಬೆರಳಾಡಿಸುವುದು, ಮತ್ತೆ ನಾಲಗೆಗೆ ತಾಗಿಸುವುದು.

"ಒಂದು ಟೇಪೂ ತಪ್ಪಿಲ್ಲ. ಬಹಳ ಅಚ್ಚುಕಟ್ಟು ಪಂಪಾಪತಿಯವರೇ," ಎಂದರು. "ಎಷ್ಟೋ ಕಡೆ ಇದನ್ನ ಕಾಟಾಚಾರಕ್ಕೆ ಮಾಡ್ತಾರೆ."

ಪಂಪಾಪತಿ ನೆಲ ನೋಡಿದರು.

ಅಧ್ಯಕ್ಷರು ಸಹಿ ಹಾಕಿ, ಮೊಹರು ಒತ್ತಿ, ಕಲಂ ಹನ್ನೊಂದರ ಕೆಳಗೆ ಒಂದು ಅಡ್ಡಗೆರೆ ಎಳೆದರು. "ಪಟ್ಟಿ ಮುಗಿಯಿತು. ಇನ್ನು ಒಂದು ವರ್ಷ ಬ್ರಹ್ಮ ಬಂದು ಕೇಳಿದರೂ ಒಂದು ಹೆಸರು ಸೇರಿಸೋ ಹಾಗಿಲ್ಲ. ಸೋರಿಕೆ ಆಗಿದೆ ಅಂತ ನಾನೇ ಬರೆದರೆ ಮಾತ್ರ." ಎಲ್ಲರೂ ನಕ್ಕರು. ಪಂಪಾಪತಿ ಹೆಚ್ಚೇ ನಕ್ಕರು. ಊಟಕ್ಕೆ ಎಲ್ಲರೂ ಪಕ್ಕದ ಸಭಾಂಗಣಕ್ಕೆ ಎದ್ದರು.

ದೀಪವನ್ನು ಅದರ ಪೆಟ್ಟಿಗೆಗೆ ಇಡಲು ಗಾದಿಲಿಂಗ ಉಗ್ರಾಣಕ್ಕೆ ಹೋದ. ಕಿಟಕಿಯಿಲ್ಲದ ಕೋಣೆ, ಬಲ್ಬು ಸುಟ್ಟು ತಿಂಗಳಾಗಿತ್ತು. ಪೆಟ್ಟಿಗೆಯ ಕೊಂಡಿ ತೆಗೆಯಲೆಂದು ದೀಪವನ್ನು ಗದ್ದಕ್ಕೂ ಎದೆಗೂ ನಡುವೆ ಒತ್ತಿ ಹಿಡಿದ. ಗುಂಡಿ ಒತ್ತಿಕೊಂಡಿತು.

ಅವನ ಎದೆಯ ಮೇಲೆ ಹಸಿರು ಬೆಂಕಿ ಹತ್ತಿತ್ತು.

ಜೇಬು. ಜೇಬಿನ ಬಾಯಿ, ಜೇಬಿನ ಹೊಲಿಗೆ, ಕೆಳಗಿನ ಎರಡು ಮೂಲೆಗಳು. ಮೂಲೆಗಳಲ್ಲಂತೂ ಮಿಂಚುಹುಳ ಹಿಡಿದು ತುಂಬಿದ ಹಾಗೆ. ಅಂಗಿಯನ್ನು ಎರಡು ಸಲ ಒಗೆದಿದ್ದರೂ ಹೋಗಿರಲಿಲ್ಲ. ಅವನು ಜೇಬಿನ ಒಳಗನ್ನು ಹೊರಗೆ ತಿರುವಿದ. ಹೊಲಿಗೆಯಲ್ಲಿ ಸಿಕ್ಕಿಕೊಂಡಿದ್ದ ಒಂದು ಶೇಂಗಾ ಸಿಪ್ಪೆಯ ಚೂರು, ಅದರ ಮೇಲೂ ಹಸಿರು.

ದೀಪದ ಬೆನ್ನಿನಲ್ಲಿ ಅಕ್ಷರ ಬಂದವು. ಸೂಕ್ಷ್ಮಜೀವಿ ವಿಭಾಗ. ಮೇಜು ಮೂರು. ಫೆಬ್ರವರಿ ಹನ್ನೊಂದು.

ಅವನು ಅದನ್ನು ಒಂದು ಸಲ ಓದಿದ. ಒಂಬತ್ತನೇ ಕ್ಲಾಸಿನವನಿಗೂ ಅಷ್ಟು ಓದಲು ಬರುತ್ತದೆ. ಇನ್ನೊಂದು ಸಲ ಓದಿದ. ಅಲ್ಲೇ ಗೋಣಿಚೀಲದ ಮೇಲೆ ಕುಳಿತ. ಪುಟ್ಟ ಕೈ ಜೇಬಿನ ಬುಡ ತಡಕುವಾಗ ಎದೆಗೆ ಆಗುವ ಕಚಗುಳಿ ಇದೆಯಲ್ಲ, ಅದು ಈಗ ಆಗುತ್ತಿತ್ತು. ಯಾರೂ ಇರಲಿಲ್ಲ. ಮಾಮ, ಇನ್ನ? ಇನ್ನ ನಾಳಿಗೆ. ಮರುದಿನವೂ ಕೊಟ್ಟಿದ್ದ. ಅದರ ಮರುದಿನವೂ.

*

ಪಂಪಾಪತಿ ಸಭಾಂಗಣದ ಹೊರಗೆ ಹೋಳಿಗೆಯ ಬುಟ್ಟಿಗೆ ದಾರಿ ಬಿಡಿಸುತ್ತ ನಿಂತಿದ್ದರು. ಗಾದಿಲಿಂಗ ಅವರ ತೋಳು ಹಿಡಿದು ಮೆಟ್ಟಿಲ ಕೆಳಗಿನ ಕತ್ತಲಿಗೆ ಎಳೆದು ದೀಪ ಒತ್ತಿದ. ಅವರು ಪರದೆ ನೋಡಿದರು.

"ನಮ್ಮ ಸುಂಕಿ ಈ ಜೇಬಿನಾಗ ಕೈ ಹಾಕ್ತಾಳ್ರಿ ಸಾರ್. ಒಂಬತ್ತು ದಿನ ಆತು ಜ್ವರ."

"ಅದಾಗಂಗಿಲ್ಲ," ಎಂದರು ಪಂಪಾಪತಿ. "ಫೆಬ್ರವರಿ ಹನ್ನೊಂದರ ಚೀಲ ಬೆಂದೈತಿ. ಟೇಪು ಕಪ್ಪಗೈತಿ. ದಾಖಲೆ ಪ್ರಕಾರ ಆ ಕ್ರಿಮಿ ಸತ್ತೈತಿ, ಗಾದಿ."

"ಟೇಪು ಕಪ್ಪು ಮಾಡಿದವ ನಾನು."

"ಸತ್ತೈತಿ ಅಂತ ಈಗ ಅಧ್ಯಕ್ಷರು ಸಹಿ ಹಾಕ್ಯಾರ." ಅವರು ಕನ್ನಡಕ ತೆಗೆದು ಒರೆಸತೊಡಗಿದರು. ಒರೆಸುತ್ತಲೇ ಇದ್ದರು. "ಈಗ ಹೇಳಿದ್ರ ಲ್ಯಾಬ್ ಮುಚ್ಚತಾರ. ಹತ್ತು ಹುಡುಗ್ರ ವರ್ಷ ಹೋಗ್ತೈತಿ. ನನ್ನ ಕೆಲಸ ಬಿಡು, ಜೈಲಿಗೆ ಹೋಗವ ನೀನು. ಇಸ್ತ್ರಿ ಪೆಟ್ಟಿಗಿ ನಿಮ್ಮ ಮನಿದು."

"ಹೆಸರು ಸೇರಸ್ರಿ ಸಾರ್. ಒಂದ ಹೆಸರು."

"ಪಟ್ಟಿ ಮುಗದೈತಿ. ನೀನ ಕೇಳಿದೆಲ್ಲ?"

ಗಾದಿಲಿಂಗ ಅವರ ಮುಖ ನೋಡಿದ. ಹೊಡೆಯಬೇಕೆನಿಸಿತು. ಬಡಿದು ಆ ಸೇವಂತಿಗೆ ಮಾಲೆಯ ಮೇಲೆ ಬೀಳಿಸಬೇಕೆನಿಸಿತು. ಆದರೆ ಕೇಳಿದೆಯಲ್ಲ ಎಂಬ ಮಾತು ಅವನನ್ನು ತಡೆದು ನಿಲ್ಲಿಸಿತು. ಹೌದು, ಕೇಳಿದ್ದ. ಸೋರಿಕೆ ಆಗಿದೆ ಅಂತ ನಾನೇ ಬರೆದರೆ ಮಾತ್ರ. ಅದರ ಜೊತೆಗೆ ಕಣ್ಣಿಗೆ ಕಟ್ಟಿದ್ದು ಇನ್ನೊಂದು: ನಾಲಗೆಗೆ ತಾಗುವ ಬೆರಳು, ಟೇಪಿಗೆ ತಾಗುವ ಬೆರಳು. ತನ್ನ ಇಸ್ತ್ರಿಯ ಹದವೂ ನೆನಪಾಯಿತು. ರೇಷ್ಮೆಯ ಕಾವು. ಮೂರು ಎಣಿಕೆ. ಇಪ್ಪತ್ತು ನಿಮಿಷ ಬೆಂದರೆ ಮಾತ್ರ ಸಾಯುವ ಬೀಜ.

ಅವನು ಲ್ಯಾಬಿಗೆ ಹೋಗಿ ದಾಖಲೆ ಪುಸ್ತಕವನ್ನೂ ಅನುಮತಿ ಪತ್ರವನ್ನೂ ಎತ್ತಿಕೊಂಡು ಬಂದ.

*

ಸಭಾಂಗಣದಲ್ಲಿ ಹೋಳಿಗೆಗೆ ತುಪ್ಪ ಬೀಳುತ್ತಿತ್ತು. ಅಧ್ಯಕ್ಷರ ಹೆಗಲ ಮೇಲೆ ಆಗಲೇ ಶಾಲು ಇತ್ತು. ಗಾದಿಲಿಂಗ ಒಳಗೆ ಬಂದು, ಯಾರನ್ನೂ ನೋಡದೆ, ನಾಲ್ಕು ಕಿಟಕಿಗಳ ದಪ್ಪ ಪರದೆ ಎಳೆದ. ಆಮೇಲೆ ದೀಪಗಳ ಗುಂಡಿ ಆರಿಸಿದ.

"ಕರೆಂಟು ಹೋಯಿತೇ?" ಯಾರೋ ಕೇಳಿದರು.

"ಬಳ್ಳಾರಿ ಅಲ್ಲವೇ, ಹೋಗುತ್ತೆ," ಇನ್ನೊಬ್ಬರು ನಕ್ಕರು.

ನೇರಳೆ ಬೆಳಕು ಹತ್ತಿತು. ಮೊದಲು ತನ್ನ ಜೇಬಿನ ಮೇಲೆ. ಕತ್ತಲಲ್ಲಿ ಒಂದು ಹಸಿರು ಚೌಕ ನಿಂತುಕೊಂಡಿತು. ಆಮೇಲೆ ಮೇಜಿನ ಮೇಲೆ ಬಿಚ್ಚಿಟ್ಟ ದಾಖಲೆ ಪುಸ್ತಕದ ಮೇಲೆ. ಕಪ್ಪು ಟೇಪುಗಳ ಅಂಚು ಅಂಚೂ ಹಸಿರು, ಒಂದರ ಕೆಳಗೊಂದು, ಏಣಿಯ ಮೆಟ್ಟಿಲಿನ ಹಾಗೆ. ಪ್ರತಿ ಹಾಳೆಯ ಕೆಳಗಿನ ಬಲಮೂಲೆಯಲ್ಲಿ ಒಂದು ಬೆರಳಿನ ಹಸಿರು ಗುರುತು.

ಬೆಳಕು ಮೇಲೆದ್ದಿತು. ಡಾ. ಕೇಶವಮೂರ್ತಿಯವರ ಬಲಗೈ ಹೋಳಿಗೆಯ ತುಣುಕು ಹಿಡಿದು ಅರ್ಧಕ್ಕೆ ನಿಂತಿತ್ತು. ತೋರುಬೆರಳು ಹಸಿರು. ಕೆಳದುಟಿ ಹಸಿರು. ಏನೋ ಹೇಳಲು ಬಾಯಿ ತೆರೆದರು. ನಾಲಗೆಯ ತುದಿಯೂ ಹಸಿರು.

ತಾಟಿನ ಮೇಲೆ ಹೋಳಿಗೆ ಬಿದ್ದ ಸದ್ದು ಕೇಳಿಸಿತು.

"ಮೇಜು ಮೂರು, ಫೆಬ್ರವರಿ ಹನ್ನೊಂದು," ಗಾದಿಲಿಂಗ ಪರದೆ ನೋಡಿ ಓದಿದ. "ಕುಕ್ಕರ್ ಕೆಟ್ಟು ಐದು ತಿಂಗಳಾತ್ರೀ ಸಾರ್. ಟೇಪು ಇಸ್ತ್ರಿ ಮಾಡಿದವ ನಾನು. ಇದು ಹೊಟ್ಟಿಯಾಗ ಹೋದ್ರ ನಾಲ್ಕನೇ ದಿನಕ್ಕ ಏಳತೈತಿ. ನಮ್ಮಕ್ಕನ ಮಗಳಿಗೆ ಎದ್ದೈತಿ. ಮೂರು ವರ್ಷದ ಕೂಸು."

"ದೀಪ ಹಾಕಿ," ಎಂದರು ಅಧ್ಯಕ್ಷರು. ಯಾರೋ ಹಾಕಿದರು. ಬೆಳಕಿನಲ್ಲಿ ಅವರ ತುಟಿ ಎಲ್ಲರ ತುಟಿಯ ಹಾಗೇ ಇತ್ತು. ಅದರಿಂದಲೇ ಎಲ್ಲರಿಗೂ ಹೆಚ್ಚು ಭಯವಾಯಿತು. ಅವರು ಕರವಸ್ತ್ರ ತೆಗೆದು ಒರೆಸಿಕೊಂಡರು, ಒರೆಸಿಕೊಂಡು ಅದನ್ನು ಏನು ಮಾಡುವುದೆಂದು ತಿಳಿಯದೆ ಹಿಡಿದುಕೊಂಡೇ ಕುಳಿತರು. "ಇದಕ್ಕೆ ಮದ್ದು?"

"ಬೀಗದ ಮದ್ದು ಸಾರ್," ಬಾಗಿಲಲ್ಲಿ ನಿಂತಿದ್ದ ಪಂಪಾಪತಿ ಹೇಳಿದರು. "ಸರ್ಕಾರಿ ಆಸ್ಪತ್ರ್ಯಾಗ ಐತಿ."

"ತರಿಸಿ."

"ಪಟ್ಟಿಯಾಗ ಹೆಸರು ಇದ್ದವರಿಗೆ ಮಾತ್ರ ಸಾರ್."

ಗಾದಿಲಿಂಗ ಅನುಮತಿ ಪತ್ರ ಬಿಡಿಸಿ ಕಲಂ ಹನ್ನೊಂದನ್ನು ಅವರ ಮುಂದಿಟ್ಟ. ಹದಿನಾಲ್ಕು ಹೆಸರು, ಕೆಳಗೆ ಅವರೇ ಎಳೆದ ಅಡ್ಡಗೆರೆ.

"ನಿಮ್ಮ ಹೆಸರೂ ಇಲ್ರಿ ಇದರಾಗ."

ಡಾ. ಕೇಶವಮೂರ್ತಿ ಪೆನ್ನು ಕೇಳಿದರು. ಅನುಮತಿಯ ಮೇಲೆ ಅಡ್ಡಡ್ಡ ಬರೆದರು: ಸೋರಿಕೆ ಆಗಿದೆ, ಅನುಮತಿ ರದ್ದು, ಪಟ್ಟಿ ಮತ್ತೆ ತೆರೆಯಲಾಗಿದೆ. ಪಂಪಾಪತಿ ಗೋಡೆಗೆ ಒರಗಿದರು. ಅಧ್ಯಕ್ಷರು ಗೆರೆಯ ಕೆಳಗೆ ಹದಿನೈದು ಎಂದು ಅಂಕಿ ಹಾಕಿ ತಮ್ಮ ಹೆಸರಿನ ಮೊದಲ ಅಕ್ಷರಕ್ಕೆ ಪೆನ್ನು ಊರಿದರು.

ಗಾದಿಲಿಂಗ ಹಾಳೆಯ ಮೇಲೆ ಅಂಗೈ ಇಟ್ಟ.

"ಹದಿನೈದು ಅಕಿದು. ನೀವು ಹದಿನಾರು."

"ಏಯ್, ಕೈ ತೆಗೀ," ಸಮಿತಿಯವರೊಬ್ಬರು ಎದ್ದರು.

"ಪೆಟ್ಟಿಗಿಯಾಗ ಎಷ್ಟು ಅದಾವೋ ಯಾರಿಗೊತ್ತು. ಹದಿನೈದರಾಗ ಮುಗದ್ರ? ನೀವು ಮುಟ್ಟಿ ಒಂದು ತಾಸಾತು, ನಿಮಗಿನ್ನ ನಾಲ್ಕು ದಿನ ಐತಿ. ಅಕಿಗೆ ಒಂಬತ್ತು ಹೋಗ್ಯಾವ."

ಡಾ. ಕೇಶವಮೂರ್ತಿ ಆ ಕೈಯನ್ನೂ ಮೇಲಿನ ಮುಖವನ್ನೂ ನೋಡಿದರು. ಇಡೀ ಬೆಳಿಗ್ಗೆ ತಮ್ಮ ಪಕ್ಕದಲ್ಲೇ ದೀಪ ಹಿಡಿದು ನಿಂತಿದ್ದ ಮುಖವನ್ನು ಅವರು ನೋಡಿದ್ದು ಆಗಲೇ. ಪೆನ್ನನ್ನು ಅವನ ಕಡೆ ತಿರುಗಿಸಿದರು.

ಗಾದಿಲಿಂಗ ಬರೆದ. ಶಾಲೆ ಬಿಟ್ಟ ಮೇಲೆ ಸಹಿ ಬಿಟ್ಟು ಬೇರೇನೂ ಬರೆಯದ ಕೈ, ಅಕ್ಷರ ಸೊಟ್ಟ ಸೊಟ್ಟ. ಸುಂಕಮ್ಮ. ವಯಸ್ಸು ಮೂರು. ಕೊನೆಯ ಕಾಲಂ ಹುದ್ದೆ. ಅಲ್ಲಿ ಏನು ಬರೆಯಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ಪೆನ್ನು ಹಿಡಿದು ನಿಂತ. ಆಮೇಲೆ ಬರೆದ: ಜೇಬಿನಲ್ಲಿ ಚಿಕ್ಕಿ ಹುಡುಕುವವಳು.

*

ಮದ್ದಿನ ಪೆಟ್ಟಿಗೆ ಸಂಜೆ ನಾಲ್ಕಕ್ಕೆ ತೆರೆಯಿತು. ಒಳಗೆ ಇಪ್ಪತ್ತು ಸೀಸೆ ಇದ್ದವು. ಪಟ್ಟಿಯಲ್ಲಿ ಕೊನೆಗೆ ಇಪ್ಪತ್ತೆರಡು ಹೆಸರಾಗಿದ್ದವು: ಮೊದಲಿನ ಹದಿನಾಲ್ವರು, ಸುಂಕಮ್ಮ, ಸಮಿತಿಯ ಐವರು, ಹುಲಿಗೆಮ್ಮ, ಎಲ್ಲಕ್ಕಿಂತ ಕೆಳಗೆ ಗಾದಿಲಿಂಗ. ಮೊದಲ ಹದಿನಾಲ್ವರ ಕೈ ಶುದ್ಧ ಇತ್ತು, ಅವರಲ್ಲಿ ಒಬ್ಬರಿಗೂ ಮದ್ದು ಬೇಕಾಗಲಿಲ್ಲ. ಆದರೂ ಕಂಪ್ಯೂಟರ್ ಕ್ರಮ ಬಿಡಲಿಲ್ಲ, ಹದಿನಾಲ್ಕು ಸೀಸೆ ಅವರ ಹೆಸರಿಗೇ ತೆಗೆದಿಟ್ಟಿತು. ಹದಿನೈದನೆಯದನ್ನು ಡಾ. ಫರ್ಹಾನಾ ತಾವೇ ಹಿಡಿದುಕೊಂಡು ವಾರ್ಡಿಗೆ ಓಡಿದರು. ಕೊನೆಯದು ಸಮಿತಿಯ ಐದನೆಯವರಿಗೆ ಹೋಯಿತು. ಹುಲಿಗೆಮ್ಮನಿಗೂ ಗಾದಿಲಿಂಗನಿಗೂ ಉಳಿಯಲಿಲ್ಲ. ಅವರಿಗೆ ಏನೂ ಆಗಲಿಲ್ಲ, ಅದು ಬೇರೆ ಮಾತು. ಆಗಿದ್ದರೆ ಏನು ಎಂದು ಯಾರೂ ಕೇಳಲಿಲ್ಲ.

ಐದು ತಿಂಗಳು ಬಾರದ ರಬ್ಬರ್ ರಿಂಗು ಮೂರೇ ದಿನಕ್ಕೆ ಬಂತು. ಪಂಪಾಪತಿಯವರನ್ನು ಅಮಾನತು ಮಾಡಿದರು. ವಿಚಾರಣೆಯ ವರದಿಯಲ್ಲಿ, ಸೋರಿಕೆಗೆ ಮುಖ್ಯ ಕಾರಣ ಹೊರಗುತ್ತಿಗೆ ನೌಕರನ ಅಜ್ಞಾನ ಎಂದಿತ್ತು. ಸರಿಯೇ, ಅಜ್ಞಾನ ಅವನದು. ಆ ಅಜ್ಞಾನಕ್ಕೆ ಬೆನ್ನು ತಟ್ಟಿದವರ, ಹಾಳೆ ಮಗುಚಿ ಮೆಚ್ಚಿದವರ ಜ್ಞಾನದ ಬಗ್ಗೆ ವರದಿಯಲ್ಲಿ ಒಂದು ಸಾಲೂ ಇರಲಿಲ್ಲ. ಗಾದಿಲಿಂಗನ ಕೆಲಸ ಹೋಯಿತು, ಕೇಸು ನಡೆಯುತ್ತಿದೆ. ಈಗ ಅಕ್ಕನ ಮನೆಯಲ್ಲಿ ಇಸ್ತ್ರಿ ಮಾಡುತ್ತಾನೆ. ಗುಂಡಿಯನ್ನು ರೇಷ್ಮೆಗೆ ತಿರುಗಿಸುವಾಗ ಕೈ ಒಂದು ಗಳಿಗೆ ನಿಲ್ಲುತ್ತದೆ.

ಸುಂಕಮ್ಮ ಇಪ್ಪತ್ತಾರನೇ ದಿನ ಮನೆಗೆ ಬಂದಳು. ಕಡ್ಡಿಯಾಗಿದ್ದಳು. ತಾನೇ ನಡೆದು ಹೊಸ್ತಿಲು ದಾಟಿ, ಇಸ್ತ್ರಿ ಮೇಜಿನ ಬಳಿ ಕುಳಿತಿದ್ದ ಮಾಮನ ತೊಡೆ ಹತ್ತಿ, ಎದೆಯ ಮೇಲೆ ಕೈ ಹಾಕಿದಳು. ಜೇಬಿನ ಬಾಯಿ ಸಿಗಲಿಲ್ಲ. ಗಾದಿಲಿಂಗ ತನ್ನ ಎಲ್ಲ ಅಂಗಿಗಳ ಜೇಬನ್ನೂ ಹೊಲಿದು ಮುಚ್ಚಿಬಿಟ್ಟಿದ್ದ.

"ಜೇಬು ಇಲ್ಲವ್ವ," ಅವಳ ಎಡಗಿವಿಯ ಹತ್ತಿರ ಬಾಗಿ ಹೇಳಿದ. "ಇನ್ನ ಮ್ಯಾಲ ಜೇಬು ಇಲ್ಲ."

ಅವಳು ಹೊಲಿಗೆಯ ಗುಂಟ ಬೆರಳಾಡಿಸುತ್ತಲೇ ಇದ್ದಳು, ಈ ಮೂಲೆಯಿಂದ ಆ ಮೂಲೆಗೆ. ಅವನು ಇನ್ನೊಮ್ಮೆ ಹೇಳಿದ, ಸ್ವಲ್ಪ ಜೋರಾಗಿ. ಹುಡುಗಿ ತಿರುಗಿ ನೋಡಲಿಲ್ಲ.

ಬಾಗಿಲಲ್ಲಿ ಬಟ್ಟೆಯ ಗಂಟು ಹಿಡಿದು ಬಂದ ಹುಲಿಗೆಮ್ಮ ಅಲ್ಲೇ ನಿಂತಳು.

"ಆ ಕಡಿಗೆ ಕುಂದ್ರೋ," ಎಂದಳು. "ಬಲಗಿವಿಗೆ ಹೇಳು. ಡಾಕ್ಟರು ಹೇಳಿದ್ರು. ಎಡಗಿವಿ ಇನ್ನ ಕೇಳಂಗಿಲ್ಲಂತ."